ಹೆಬ್ಬಾಳದ ಲೂಪು, ಒಬ್ಬಟ್ಟಿನ ಸಾರು

ಒಬ್ಬಟ್ಟಿನ ಸಾರನ್ನು ಬಸ್ಸಿನಲ್ಲಿ ಒಯ್ಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಶಾಸ್ತ್ರ ಬರೆದವರು ಹೆಬ್ಬಾಳದ ಮೇಲ್ಸೇತುವೆ ಹತ್ತಿದವರಲ್ಲ, ಅಷ್ಟೆ. 2025ರ ಯುಗಾದಿಗೆ ನಾಗವಾರದ ಅಕ್ಕ ಸ್ಟೀಲ್ ಕ್ಯಾರಿಯರ್ ತುಂಬ ಸಾರು ಕೊಟ್ಟಿದ್ದಳು. ಬಸ್ಸು ಏರಿನಲ್ಲಿ ಮೂತಿ ಮೇಲೆತ್ತಿ ನಿಂತಿತು, ಒಂದು ಮಾರು ಮುಂದೆ ಹೋಯಿತು, ಮತ್ತೆ ನಿಂತಿತು. ಆ ಜಗ್ಗಾಟಕ್ಕೆ ಮುಚ್ಚಳ ಸಡಿಲಾಗಿ, ಸಾರು ತನ್ನ ಪಾಡಿಗೆ ಹಿಂದಿನ ಸೀಟುಗಳ ಕಡೆ ಹೊರಟಿತು.

“ಯಾರ್ರೀ ಅದು ಸಾರು? ಘಮ ಚೆನ್ನಾಗಿದೆ, ಕಾಲಿಗೆ ಯಾಕೆ ಬಡಿಸ್ತಿದೀರ?” ಅಂದರು ಕಂಡಕ್ಟರು.

ಪಾಪ, ಸೇತುವೆಯನ್ನು ಬೈದು ಪ್ರಯೋಜನವಿಲ್ಲ. ಅದು ಬಳಕೆಗೆ ಬಂದದ್ದು 2003ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಇಬ್ಬರಿಗೆಂದು ಇಟ್ಟ ಅನ್ನಕ್ಕೆ ಮದುವೆ ದಿಬ್ಬಣವೇ ಬಂದು ಎಲೆ ಹಾಕಿ ಕೂತಂತಾಯಿತು. ವಿಮಾನ ಇಳಿದವರು, ಕೆ.ಆರ್. ಪುರದ ಕಡೆಯವರು ಎಲ್ಲರೂ ಮೇಖ್ರಿ ವೃತ್ತಕ್ಕೆ ಹೋಗಲು ಒಂದೇ ಇಳಿಜಾರಿನಲ್ಲಿ ಮೂತಿ ತೂರಿಸಬೇಕಿತ್ತು. ಅದಕ್ಕೇ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೆ.ಆರ್. ಪುರದ ಕಡೆಯಿಂದ ಬರುವವರಿಗೆ 700 ಮೀಟರಿನ ಹೊಸ ಲೂಪು ಕಟ್ಟಿಸುತ್ತಿತ್ತು.

ಹೊಸದನ್ನು ಹಳೆಯದಕ್ಕೆ ಸೇರಿಸಬೇಕಲ್ಲ? ನೆಂಟಸ್ತನ ಬೆಳೆಸುವ ಮುಂಚೆ ಹಳೆಯ ಸೇತುವೆಯ ಎರಡು ಸ್ಪ್ಯಾನುಗಳನ್ನೇ ಕಳಚಬೇಕಾಯಿತು. ಅತ್ತ ವಾಹನಗಳ ಸಾಲು, ಕೆಳಗೆ ರೈಲುಹಳಿ. ಹಳಿಯ ಮೇಲಿನ ಕೆಲಸವೆಂದರೆ ರೈಲ್ವೆಯವರು ಬಿಡುವು ಕೊಟ್ಟ ಹೊತ್ತಿಗೇ ಗರ್ಡರು ಎತ್ತಬೇಕು. ನನ್ನ ಕಿಟಕಿಗೆ ಕಂಡದ್ದು ಮಾತ್ರ ಕ್ರೇನಿನ ನೆರಳು, ಆ ನೆರಳಲ್ಲಿ ಹಳದಿ ಹೆಲ್ಮೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದ ಹುಡುಗ.

ಪಕ್ಕದ ಸೀಟಿನ ಯಜಮಾನರಿಗೆ ಇದ್ಯಾವುದೂ ಹಿಡಿಸಲಿಲ್ಲ. “ಆ ಕಂಬ ನಾನಾಗಿದ್ರೆ ಈ ಕಡೆ ಹಾಕ್ತಿದ್ದೆ” ಅಂದರು. ಏನು ಕೆಲಸದಲ್ಲಿದ್ದಿರಿ ಸಾರ್ ಎಂದರೆ, ಅಂಚೆ ಇಲಾಖೆಯಂತೆ. ಬೆಂಗಳೂರಿನಲ್ಲಿ ಅರ್ಧ ಗಂಟೆ ಜಾಮಿನಲ್ಲಿ ಕೂತವರಿಗೆಲ್ಲ ಎಂಜಿನಿಯರಿಂಗ್ ತಾನಾಗಿ ಬರುತ್ತದೆ.

ನನಗೆ ಕಿತ್ತಯ್ಯ ನೆನಪಾದ. ಗಂಗರ ಶ್ರೀಪುರುಷನ ಕಾಲದಲ್ಲಿ, ಅಂದರೆ 8ನೇ ಶತಮಾನದಲ್ಲಿ, ಈ ಸೀಮೆಯಲ್ಲೇ ಕಾದಿ ಮಡಿದ ವೀರ. ಅವನ ವೀರಗಲ್ಲು ಹೆಬ್ಬಾಳದಲ್ಲೇ ಸಿಕ್ಕಿದೆ. ಹೆಬ್ಬಾಳದಲ್ಲಿ ಹೋರಾಟ ಹೊಸದೇನಲ್ಲ. ಎದುರಾಳಿ ಯಾರೆಂದು ಅವನಿಗಾದರೂ ಗೊತ್ತಿತ್ತು.

2025ರ ಆಗಸ್ಟ್ 18ರಂದು ಲೂಪು ತೆರೆಯಿತು. ಅದಕ್ಕೂ ಮುಂಚೆ ಪರಿಶೀಲನೆಗೆಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅದರ ಮೇಲೆ ಸ್ಕೂಟರ್ ಓಡಿಸಿದರು. ಆ ಸ್ಕೂಟರಿನ ಹೆಸರಲ್ಲಿ 18,500 ರೂಪಾಯಿ ದಂಡ ಬಾಕಿಯಿತ್ತೆಂದು ಮರುದಿನ ಎಲ್ಲೆಲ್ಲೂ ಸುದ್ದಿ. ಸ್ಕೂಟರು ಬೇರೆಯವರದು. ಆದರೂ ಊರಿಗೆ ಲೂಪಿನ ಉದ್ದಕ್ಕಿಂತ ಆ ಮೊತ್ತವೇ ಬಾಯಿಪಾಠವಾಯಿತು.

ಮೊನ್ನೆ ಹೊಸ ಲೂಪಿನಲ್ಲಿ ಬಸ್ಸು ಜುಮ್ಮೆಂದು ಇಳಿಯಿತು. ಹಿಗ್ಗಿಹೋದೆ. ಆ ಹಿಗ್ಗು ಮೇಖ್ರಿ ವೃತ್ತದವರೆಗೆ ಬಾಳಿತು. ಅಲ್ಲಿ ಎಲ್ಲರೂ ನಿಂತಿದ್ದರು. ಪಕ್ಕದಲ್ಲಿ ಯಜಮಾನರೊಬ್ಬರು, ಅಂಚೆಯವರಲ್ಲ, ಅದೇ ಪಂಗಡದ ಇನ್ನೊಬ್ಬರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಬರಲಿದೆಯೆನ್ನುವ ಸುರಂಗ ರಸ್ತೆಯ ಬಾಯಿ ಎಲ್ಲಿರಬೇಕೆಂದು ಕಿಟಕಿ ಗಾಜಿನ ಧೂಳಿನ ಮೇಲೆ ಬೆರಳಿನಲ್ಲಿ ಗೀಚಿ ತೋರಿಸಿ, “ಹೇಗಿದೆ?” ಅಂದರು.