ತಾರತಮ್ಯ–ಪರ್ಯಾಯ ವಿಚಾರ: ಒಂದು ಕಡಿಯಾಳಿ ಭಾಷ್ಯ

ಕಡಿಯಾಳಿ ಎಂದರೆ ಪೂರ್ತಿ ಉಡುಪಿಯೂ ಅಲ್ಲದ, ಮಣಿಪಾಲವೂ ಆಗದ ನಡುದಾರಿ. ಇಳಿದರೆ ಮಠ, ಏರಿದರೆ ಕಂಪ್ಯೂಟರು. ಆದ್ದರಿಂದ ಎರಡೂ ಶಾಸ್ತ್ರಗಳ ಬಗ್ಗೆ ಅಪ್ಪಣೆ ಕೊಡಿಸಲು ಇಲ್ಲಿ ಬಸ್ಸಿಗೆ ಕಾಯುವವನಿಗಿಂತ ಅರ್ಹರಿಲ್ಲವೆಂದು ಭಾಷ್ಯಕಾರನ ನಿರ್ಣಯ. ಪೂರ್ವಪಕ್ಷದವರು ಹಿಂದಿನ ಬಸ್ಸಿನಲ್ಲೇ ಹೋದ ಕಾರಣ ಆಕ್ಷೇಪ ದಾಖಲಾಗಿಲ್ಲ.

ಮೊದಲು ಪದವಿಚಾರ. ‘ತಾರತಮ್ಯ’ವೆಂಬುದು ದ್ವೈತಿಗಳಿಗೆ ಸಿದ್ಧಾಂತ, ಜೀವರ ಮೇಲು-ಕೆಳಗು ಮುಕ್ತಿಯಲ್ಲೂ ತಪ್ಪದು. ಕೆಲಸ ಕೊಡುವವನಿಗೆ ಅದೇ ಶಬ್ದ ಆರೋಪ, ಗೂಗಲ್ಲಿಗೆ ಕಸುಬು. 2021ರ ಜೂನಿನಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದವರಿಗೆ ಅದು ಕನ್ನಡವೆಂದು ತೋರಿಸಿತು. ಗಲಾಟೆಯಾದ ಮೇಲೆ ಕ್ಷಮೆ ಕೇಳಿ, ಅದು ತನ್ನ ಅಭಿಪ್ರಾಯವಲ್ಲವೆಂದಿತು. ವೇದದ ನಂತರ ಅಪೌರುಷೇಯ ವಾಕ್ಯ ಸಿಕ್ಕಿದ್ದು ಆಗಲೇ! ಹುಡುಕಾಟದಲ್ಲಿ ತನ್ನ ಸರಕನ್ನೇ ಮುಂದೆ ಮಾಡಿದ್ದಕ್ಕೆ 2018ರಲ್ಲಿ ಸ್ಪರ್ಧಾ ಆಯೋಗ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೂ ಚಿಂತೆಯಿಲ್ಲ, ಸರಿ. ಬಡಿಸುವವನೇ ಉಣ್ಣಲು ಕೂತರೆ?

ಇನ್ನು ನೌಕರಿಕಾಂಡ. ಅಮೆಜಾನ್ 2014ರಲ್ಲಿ ಅರ್ಜಿ ಅಳೆಯುವ ಯಂತ್ರವೊಂದನ್ನು ಕಟ್ಟತೊಡಗಿತು. ಒಂದರಿಂದ ಐದು ನಕ್ಷತ್ರ ಕೊಡುವ ಯಂತ್ರ. ಅಲ್ಲಿಗೆ ದ್ವೈತಿಗಳ ಪಂಚಭೇದವೂ ಸಿದ್ಧಿಸಿತು. ಹಿಂದಿನ ಹತ್ತು ವರ್ಷಗಳ ಅರ್ಜಿಗಳೇ ಅದರ ಪಾಠ, ಬಹುಪಾಲು ಗಂಡಸರದ್ದು. ಶಿಷ್ಯ ಚೆನ್ನಾಗಿಯೇ ಕಲಿತ: ‘ಮಹಿಳಾ ಚೆಸ್ ಕ್ಲಬ್’ ಎಂದು ಕಂಡರೆ ಅಂಕ ಕಳೆದ. ನಮ್ಮ ಕಡಿಯಾಳಿ ದೇವಸ್ಥಾನದ ಮಹಿಷಮರ್ದಿನಿ ಅಮ್ಮ ಅನುಭವದ ಪತ್ರ ಲಗತ್ತಿಸಿ ಅರ್ಜಿ ಹಾಕಿದ್ದರೂ ಸಂದರ್ಶನದ ಕರೆ ಮಹಿಷನಿಗೇ ಹೋಗುತ್ತಿತ್ತು. ಕಂಪನಿ ಕೊನೆಗೆ ಯಂತ್ರವನ್ನು ಕೈಬಿಟ್ಟಿತು. ಅದಕ್ಕೆ ಪಾಠ ಹೇಳಿದ ಹಳೆಯ ಕಡತಗಳನ್ನು ಯಾರು ಕೈಬಿಡಬೇಕು, ಶಾಸ್ತ್ರ ಮೌನ.

ತಾರತಮ್ಯಕ್ಕೆ ಮದ್ದು ಉಡುಪಿಯಲ್ಲಿದೆ: ಪರ್ಯಾಯ. ಕೃಷ್ಣಪೂಜೆಗೆ ಎಂಟು ಮಠ, ಎರಡೆರಡು ವರ್ಷದ ಸರದಿ. ಸರದಿ ಬಂದವರು ಕಾಪುವಿನ ದಂಡತೀರ್ಥದಲ್ಲಿ ಮಿಂದು ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬರುತ್ತಾರೆ. ಇಳಿಯುವವರು ಅಕ್ಷಯಪಾತ್ರೆ, ಸಟ್ಟುಗ ಒಪ್ಪಿಸಿ ಇಳಿಯುತ್ತಾರೆ. ನೌಕರಿಯಲ್ಲಿ ಇಂಥದೇ ಮದ್ದನ್ನು ರಾಜ್ಯ ಸರ್ಕಾರವೂ ಪ್ರಯತ್ನಿಸಿತು. ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿದ್ದು 2024ರ ಜುಲೈ 15ರಂದು. ಉದ್ಯಮಿಗಳ ಗದ್ದಲಕ್ಕೆ ತಡೆಹಿಡಿದದ್ದು 17ರಂದು. ಇಷ್ಟು ಚಿಕ್ಕ ಪರ್ಯಾಯವನ್ನು ಅಷ್ಟಮಠಗಳೂ ಕಂಡಿಲ್ಲ.

ಆದುದರಿಂದ ಭಾಷ್ಯಕಾರನ ಸೂಚನೆ: ಗೂಗಲ್ಲಿನ ಮೊದಲ ಪುಟಕ್ಕೂ ಪರ್ಯಾಯ ಬರಲಿ. ಎರಡನೇ ಪುಟದವರು ಕಾಪುವಿನಲ್ಲಿ ಮಿಂದಾಗಿದೆ, ಜೋಡುಕಟ್ಟೆಯಲ್ಲಿ ಚಳಿಗೆ ನಡುಗುತ್ತ ನಿಂತಿದ್ದಾರೆ. ಸಟ್ಟುಗ ಹಿಡಿದವರು ಮಾತ್ರ ಇನ್ನೂ ಬಡಿಸುತ್ತಲೇ ಇದ್ದಾರೆ, ತಮ್ಮ ಎಲೆಗೆ.