ಹೆಪ್ಪಿಗೊಂದು ಸರ್ಟಿಫಿಕೇಟು

(ಕ್ವೀನ್ಸಿನ ಬೆಲ್‌ರೋಸ್. ಹಿಲ್‌ಸೈಡ್ ಅವೆನ್ಯೂ ಹತ್ತಿರದ ಮನೆ. ಮದ್ದೂರು ಕಡೆಯಿಂದ ಬಂದಿರುವ ಸಿದ್ದಮ್ಮ ಒಂದು ಗ್ಯಾಲನ್ ಹಾಲು ಒಲೆ ಮೇಲಿಟ್ಟಿದ್ದಾರೆ. ಹೋಟೆಲಲ್ಲಿ ದುಡಿಯುವ ಮಗ ಮಂಜ ನಗರ ಆರೋಗ್ಯ ಇಲಾಖೆಯ ಆಹಾರ ಸುರಕ್ಷತೆ ಸರ್ಟಿಫಿಕೇಟಿನ ಪರೀಕ್ಷೆಗೆ ಓದುತ್ತಿದ್ದಾನೆ.)

ಮಂಜ: ಅವ್ವಾ, ಅದನ್ಯಾಕೆ ಕಾಯಿಸ್ತೀಯ? ಪಾಶ್ಚರೀಕರಣ ಆಗಿರೋ ಹಾಲು. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಕಾಯಿಸಿ, ತಕ್ಷಣ ತಣ್ಣಗೆ ಮಾಡಿರ್ತಾರೆ.

ಸಿದ್ದಮ್ಮ: 15 ಸೆಕೆಂಡಾ? ಅಷ್ಟೊತ್ತಿಗೆ ನನ್ ಒಲೆ ಸೌದೇನೂ ಹತ್ಕಳಾಕಿಲ್ಲ. ಇಲ್ಲಿ ಕರೆದ ಹಾಲು ಸಿಗಾಕಿಲ್ವಾ?

ಮಂಜ: ನ್ಯೂಯಾರ್ಕಲ್ಲಿ ಪರ್ಮಿಟ್ ಇರೋ ಫಾರ್ಮಿಗೇ ಹೋಗಿ ತರ್ಬೇಕು, ಅಂಗಡೀಲಿ ಮಾರಂಗಿಲ್ಲ. ನ್ಯೂಜೆರ್ಸಿಲಿ ಅದೂ ಇಲ್ಲ. ಇರ್ಲಿ, ಪ್ರಶ್ನೆ ಕೇಳ್ತೀನಿ. ಕೈ ಎಷ್ಟು ಹೊತ್ತು ತೊಳೀಬೇಕು?

ಸಿದ್ದಮ್ಮ: ಸಗಣಿ ವಾಸ್ನೆ ಹೋಗೋಗಂಟ.

ಮಂಜ: ತಪ್ಪು. 20 ಸೆಕೆಂಡು.

ಸಿದ್ದಮ್ಮ: ಸಗಣಿಗೇನು ಗಡಿಯಾರ ಗೊತ್ತಾ? ನೋಡ್ಲಾ, 30 ವರ್ಸ ಡೇರಿಗೆ ಹಾಲು ಹಾಕಿವ್ನಿ. ಕೆಚ್ಚಲು ತೊಳ್ದು, ಬಟ್ಟೇಲಿ ಒರೆಸಿ, ಮೊದಲ್ನೇ ನಾಕು ಧಾರೆ ಬ್ಯಾರೆ ಬಟ್ಲಿಗೆ. ಗಡ್ಡೆಗಡ್ಡೆ ಬಂದ್ರೆ ಕೆಚ್ಚಲು ಬಾವು. ಆ ಹಾಲ ಕ್ಯಾನಿಗೆ ಹಾಕ್ಬಾರ್ದು.

ಮಂಜ: ಇಂಜೆಕ್ಷನ್ ಕೊಡಿಸಿದ್ಮೇಲೆ?

ಸಿದ್ದಮ್ಮ: ಡಾಕ್ಟ್ರು ಹೇಳ್ದಷ್ಟು ದಿನ ಹಾಕ್ಬಾರ್ದು ಅಂತ ಗೊತ್ತಿತ್ತು.

ಮಂಜ: ಹಾಕ್ತಿರ್ಲಿಲ್ಲ ತಾನೆ?

ಸಿದ್ದಮ್ಮ: ಗೊತ್ತಿತ್ತು ಅಂದ್ನಲ್ಲ.

ಮಂಜ: ಅವ್ವಾ!

ಸಿದ್ದಮ್ಮ: ಒಂದಪ ಮನೆಗಿಟ್ಕಂಡ ಹಾಲು ಎರಡು ದಿನ ಆದ್ರೂ ಹೆಪ್ಪಾಗ್ಲಿಲ್ಲ. ಔಸ್ದಿ ಹೆಪ್ಪನ್ನೇ ಕೊಂದದೆ ಅಂದ್ರು ಡಾಕ್ಟ್ರು. ಅವತ್ತಿಂದ ನಿಲ್ಲಿಸ್ದೆ. ನಮ್ ಮನೆ ಮೊಸ್ರು ಕೆಟ್ಟಾಗ್ಲೇ ಬುದ್ಧಿ ಬಂದಿದ್ದು, ಏನ್ ಮಾಡಾನ!

ಮಂಜ: (ಪುಸ್ತಕ ತಿರುವುತ್ತಾ) ತಣ್ಣಗಿನದು 41ರ ಕೆಳಗೆ, ಬಿಸಿಯದು 140ರ ಮೇಲೆ. ಎಲ್ಲಾ ಫ್ಯಾರನ್‌ಹೀಟು. ಮಧ್ಯದ್ದು ಅಪಾಯದ ವಲಯ.

ಸಿದ್ದಮ್ಮ: ಹಂಗಾರೆ ಮೊಸ್ರು ಎಲ್ಲಿ ಹೆಪ್ಪಾಗ್ತದೆ?

ಮಂಜ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅಪಾಯದ ವಲಯದಲ್ಲೇ. ಆದ್ರೆ ಹೆಪ್ಪಿನ ಕ್ರಿಮಿ ಹಾಲನ್ನ ಹುಳಿ ಮಾಡುತ್ತೆ. ಆ ಹುಳೀಲಿ ಕೆಟ್ಟವು ಬೆಳೆಯೋದು ಕಷ್ಟ.

ಸಿದ್ದಮ್ಮ: ಬಸ್ಸಲ್ಲಿ ಮೊದ್ಲು ಟವಲ್ ಹಾಕ್ದೋರ್ಗೆ ಸೀಟು ಅನ್ನು.

(ಹಾಲು ಆರಿದೆ. ಸಿದ್ದಮ್ಮ ಕಿರುಬೆರಳು ಅದ್ದುತ್ತಾರೆ.)

ಮಂಜ: ಬೆರಳು ತೆಗಿ! ಥರ್ಮಾಮೀಟರ್ ಯಾಕಿರೋದು?

ಸಿದ್ದಮ್ಮ: ಹದ ಸರಿಯಾಗದೆ. ನೋಡ್ಕ ಬೇಕಾದ್ರೆ.

ಮಂಜ: (ಕಡ್ಡಿ ಇಳಿಸಿ, ಮೆತ್ತಗೆ) 110. ಹೆಪ್ಪಿಗೆ ಸರಿಯಾಗೇ ಇದೆ. ಆದ್ರೂ ಬೆರಳು ತಪ್ಪೇ.

(ನಿನ್ನೆಯ ಮೊಸರು ಎಷ್ಟು ಹುಳಿಯಾಗಿದೆ ಎಂದು ಚಮಚದಲ್ಲಿ ಚೀಪಿ, ಅದೇ ಚಮಚ ಬಟ್ಟಲಿಗೆ ಅದ್ದುತ್ತಾನೆ.)

ಸಿದ್ದಮ್ಮ: ಲೇ, ಹೆಪ್ಪನ್ನೇ ಎಂಜಲು ಮಾಡ್ಬುಟ್ಯಲ್ಲೋ! ಪುಸ್ತಕದಲ್ಲಿ ಎಂಜಲಿಗೆ ಎಷ್ಟು ಡಿಗ್ರಿ ಬರ್ದವ್ರೆ?

ಮಂಜ: ...ಗೊತ್ತಿತ್ತು ಕಣವ್ವಾ.