ಸಾಕು ಎನ್ನುವವರು ಬೇಕಾಗಿದ್ದಾರೆ

ಕೆಲಸಕ್ಕೂ ಬದುಕಿಗೂ ಸಮತೋಲನ ಕಾಯ್ದುಕೊಳ್ಳುವುದು ಹೇಗೆ ಎಂದು ನಮಗೆ ಕಲಿಸಲು ಕಚೇರಿಯವರು ಆರಿಸಿದ್ದು ಒಂದು ಭಾನುವಾರವನ್ನು. ಹಾಜರಾತಿ ಕಡ್ಡಾಯ. ಮೇ ತಿಂಗಳ ಸೆಕೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಶಾಖೆಯವರು ಬೆಳಿಗ್ಗೆ ಎಂಟೂವರೆಗೇ ಮುರ್ಡೇಶ್ವರದ ಸಭಾಂಗಣವೊಂದರಲ್ಲಿ ಬಂದು ಕೂತಿದ್ದೆವು. ಕಿಟಕಿಯಾಚೆ 123 ಅಡಿ ಎತ್ತರದ ಶಿವ ಯಾವ ಗಡಿಬಿಡಿಯೂ ಇಲ್ಲದೆ ಕಡಲ ಕಡೆ ಬೆನ್ನು ಹಾಕಿ ಕೂತಿದ್ದ. ಅವನನ್ನು ಯಾರೂ ತರಬೇತಿಗೆ ಕರೆದಿರಲಿಲ್ಲ.

ಬೆಂಗಳೂರಿನಿಂದ ಬಂದ ತರಬೇತುದಾರರು ಬಿಳಿ ಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬರೆದು ಎಂಟು ಭಾಗ ಮಾಡಿದರು. ಉದ್ಯೋಗ, ಹಣ, ಆರೋಗ್ಯ, ಕುಟುಂಬ, ಸ್ನೇಹ, ಹವ್ಯಾಸ, ಕಲಿಕೆ, ಅಧ್ಯಾತ್ಮ. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ಅಂಕಗಳ ಚುಕ್ಕೆ ಸೇರಿಸಿದಾಗ ಚಕ್ರ ಗುಂಡಗೆ ಬಂದರೆ ಬದುಕು ಸರಾಗವಾಗಿ ಉರುಳುತ್ತದೆ ಎಂದರು. ನನ್ನ ಪಕ್ಕ ಕೂತ ಕುಮಟಾ ಶಾಖೆಯವ ಎಲ್ಲದಕ್ಕೂ ಎರಡೆರಡೇ ಅಂಕ ಕೊಟ್ಟುಕೊಂಡ. ಚಕ್ರ ಚಿಕ್ಕದಾದರೂ ಪಕ್ಕಾ ಗುಂಡಗೆ ಬಂತು. "ಉರುಳ್ತದಲ್ಲ ಮಾರಾಯ, ಸಾಕು" ಎಂದ.

ಚಕ್ರ ಅಂದಮೇಲೆ ಲೆಕ್ಕವೂ ಬಂತು. ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ್ದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಕಾರ್ಖಾನೆಗಳಿಗೆಂದು 1948ರಲ್ಲಿ ಬಂದ ಕಾಯ್ದೆ 48 ಗಂಟೆಗೇ ತೃಪ್ತಿಪಟ್ಟಿತ್ತು, ಪಾಪ. ವಾರಕ್ಕೆ ಇರುವುದೇ 168 ಗಂಟೆ. 90 ಕಳೆದರೆ 78 ಉಳಿಯಿತು. ವೈದ್ಯರು ಹೇಳುವ ಎಂಟು ಗಂಟೆ ನಿದ್ದೆಗೆ 56 ತೆಗೆದರೆ ಉಳಿದದ್ದು 22. ಅದನ್ನು ಏಳು ದಿನಕ್ಕೆ ಹಂಚಿದರೆ 22/7. ಶಾಲೆಯಲ್ಲಿ ಗಣಿತದ ಮಾಸ್ತರರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದ ಪೈ! ಸ್ನಾನ, ಊಟ, ಪ್ರಯಾಣ, ಮಕ್ಕಳ ಮದುವೆ, ಹಿರಿಯರ ಶ್ರಾದ್ಧ, ಅಧ್ಯಾತ್ಮ ಎಲ್ಲವೂ ದಿನಕ್ಕೆ ಪೈ ಗಂಟೆಯಲ್ಲಿ ಮುಗಿಯಬೇಕು. ವೃತ್ತ ಬರೆದವರಿಗೆ ಈ ಸಂಬಂಧ ಹೊಳೆದಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಮಧ್ಯಾಹ್ನದ ಊಟ ಸ್ಥಳೀಯ ಅಡುಗೆ ಭಟ್ಟರದ್ದು. ಮಾವಿನಮಿಡಿಯ ಕಾಲ, ಹೀಗಾಗಿ ಕೊನೆಯಲ್ಲಿ ಅಪ್ಪೆಹುಳಿ ಬಂತು. ತಿಳಿನೀರಿನಂಥ ಹುಳಿ, ಮೇಲೆ ಇಂಗಿನ ಒಗ್ಗರಣೆ. ಕುಡಿದವನಿಗೆ ಅರ್ಧ ಗಂಟೆಯಲ್ಲಿ ಕಣ್ಣು ಎಳೆಯುತ್ತದೆ ಎನ್ನುವುದು ಘಟ್ಟದ ಮೇಲೂ ಕೆಳಗೂ ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಂಗಳೂರಿನವರಿಗೆ ಗೊತ್ತಿರಲಿಲ್ಲ. ರುಚಿ ಹತ್ತಿ ಎರಡು ಲೋಟ ಹಾಕಿಸಿಕೊಂಡರು. ಊಟದ ನಂತರದ ಗೋಷ್ಠಿ 'ಸಮಯ ನಿರ್ವಹಣೆ'. "ಎಲ್ಲರೂ ಐದು ನಿಮಿಷ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನ ಇಡಿ" ಎಂದು ಹೇಳಿ ಅವರೂ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಚಹಾದವನು ತಟ್ಟೆ ಸದ್ದು ಮಾಡುತ್ತ ಒಳಗೆ ಬಂದಾಗಲೇ ಸಭೆ ಕಣ್ಣು ಬಿಟ್ಟದ್ದು. ಇಡೀ ದಿನದಲ್ಲಿ ಉಪಯೋಗಕ್ಕೆ ಬಂದ ಗೋಷ್ಠಿ ಅದೊಂದೇ ಎಂದು ಮೂರೂ ಶಾಖೆಗಳು ಒಮ್ಮತಕ್ಕೆ ಬಂದವು.

ರಾತ್ರಿ ಹತ್ತಕ್ಕೆ ಗುಂಪಿನಲ್ಲಿ ಮ್ಯಾನೇಜರರ ಸಂದೇಶ: ತರಬೇತಿಯಿಂದ ಜೀವನದಲ್ಲಿ ಆದ ಬದಲಾವಣೆಯ ಕುರಿತು ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಎಲ್ಲರೂ ವರದಿ ಕಳಿಸತಕ್ಕದ್ದು.

ನಮ್ಮದು ಸಾಲ ಕೊಟ್ಟು ಕಂತು ಎತ್ತುವ ಕೆಲಸ. 66ನೇ ನಂಬರಿನ ಹೆದ್ದಾರಿಯಲ್ಲಿ ಭಟ್ಕಳಕ್ಕೂ ಕುಮಟೆಗೂ ನಡುವೆ ಬೈಕಿನ ಮೇಲೆ ಓಡಾಟ. ಬೈಕು ಸಂಜೆ ಮನೆ ಸೇರುತ್ತದೆ, ಕೆಲಸ ಮುಗಿಯುವುದಿಲ್ಲ. ಹೆಚ್ಚಿನವರ ಜೇಬಿನಲ್ಲಿ ಕೂತು ಅದು ಊಟಕ್ಕೂ ಬರುತ್ತದೆ, ಹಾಸಿಗೆಗೂ ಬರುತ್ತದೆ. ಮಾಡಿದಷ್ಟೂ ಇರುವ ಕೆಲಸಕ್ಕೆ ಯಾರೋ ಒಬ್ಬರು "ಇವತ್ತಿಗೆ ಸಾಕು" ಎನ್ನಬೇಕು. ಹಾಗನ್ನುವ ಹುದ್ದೆಯೇ ನಮ್ಮ ಕಚೇರಿಯಲ್ಲಿಲ್ಲ. ಇನ್ನೂ ಬೇಕು ಎನ್ನುವವರು ಮಾತ್ರ ಶಾಖೆಯಿಂದ ಮುಂಬೈಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದಾರೆ.

ಮೀನುಗಳಿಗೆ ಆ ತಾಪತ್ರಯವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡ, ಕುಮಟೆಯ ತದಡಿ, ಎಲ್ಲಿ ಹೋದರೂ ಬೋಟುಗಳು ಮಡ್ಲಿನ ಚಪ್ಪರದಡಿ ಮಲಗಿರುತ್ತವೆ. ಕಾರಣ, ಅದು ಮೀನುಗಳು ಮೊಟ್ಟೆಯಿಟ್ಟು ಸಂಸಾರ ಬೆಳೆಸುವ ಕಾಲ. ಬಂಗಡೆಯ ಕೌಟುಂಬಿಕ ಜೀವನಕ್ಕೆ ಸರಕಾರ ಎರಡು ತಿಂಗಳು ಕಾವಲು ನಿಲ್ಲುತ್ತದೆ. ನಾನು ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಅರ್ಧ ದಿನ ಕೇಳಿದರೆ ಬದಲಿ ವ್ಯವಸ್ಥೆ ಏನು ಎಂಬ ಪ್ರಶ್ನೆ ಬರುತ್ತದೆ. ಮಗಳ ತಂದೆಗೆ ಬದಲಿ ವ್ಯವಸ್ಥೆ ಎಲ್ಲಿಂದ ತರಲಿ?

ಈ ಹೊಟ್ಟೆಕಿಚ್ಚನ್ನು ಕಾಸರಕೋಡದಲ್ಲಿ ಕಂತು ಎತ್ತಲು ಹೋದಾಗ ಮೀನು ಮಾರುವ ಒಬ್ಬ ಅಕ್ಕನ ಮುಂದೆ ತೋಡಿಕೊಂಡೆ. "ನಿಮಗೇ ಪರವಾಗಿಲ್ಲ ಅಕ್ಕಾ, ಎರಡು ತಿಂಗಳು ಆರಾಮ."

"ಆರಾಮ ಬೋಟಿಗೆ. ಅದು ಮೇಲೆ ಹತ್ತಿ ಕೂತ್ಕಂಡದೆ. ನಾನು ಒಣಮೀನು ಬುಟ್ಟಿ ಹೊತ್ಕಂಡು ಮನೆಮನೆ ತಿರುಗ್ತೆ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ರಸೀದಿ ಪುಸ್ತಕ ನೋಡಿ, "ಕಂತಿಗೂ ಎರಡು ತಿಂಗಳು ಬ್ಯಾನ್ ಹಾಕೂಕೆ ನಿಮ್ಮ ಮ್ಯಾನೇಜರಿಗೆ ಹೇಳಿ ಸರಾ. ನಿಮಗೂ ಆರಾಮ, ನನಗೂ ಆರಾಮ." ಸಮತೋಲನದ ಬಗ್ಗೆ ಇಷ್ಟು ಚೊಕ್ಕ ಸಲಹೆ ಮುರ್ಡೇಶ್ವರದಲ್ಲಿ ಸಿಕ್ಕಿರಲಿಲ್ಲ. ವರದಿಯಲ್ಲಿ ಬರೆಯಲು ಮಾತ್ರ ಬರುವಂಥದ್ದಲ್ಲ.

ಕುಮಟೆಯ ಕಡೆ ಅಘನಾಶಿನಿಯಲ್ಲಿ ಬಳಚು ಹೆಕ್ಕುವವರನ್ನು ನೋಡಬೇಕು. ಇಳಿತದ ಹೊತ್ತಿಗೆ ನೀರಿಗಿಳಿದು, ಪಾತ್ರೆಯನ್ನು ಪಕ್ಕದಲ್ಲೇ ತೇಲಲು ಬಿಟ್ಟು, ಮರಳಿನಲ್ಲಿ ಕೈಕಾಲಿನಿಂದಲೇ ಚಿಪ್ಪು ಹುಡುಕುತ್ತಾರೆ. ಒಂಬತ್ತರಿಂದ ಐದು ಎಂಬ ಲೆಕ್ಕ ಅಲ್ಲಿಲ್ಲ. ಇಳಿತ ದಿನದಿಂದ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ. ಕೆಲಸವೂ ಅದರ ಬೆನ್ನಿಗೆ ಹೋಗುತ್ತದೆ. ಮೈ ಮುರಿಯುವ ದುಡಿಮೆ, ಅನುಮಾನವಿಲ್ಲ. ಆದರೆ ನೀರು ಏರತೊಡಗಿತೋ, ಮುಗಿಯಿತು. ಪಾತ್ರೆ ಅರ್ಧವೇ ತುಂಬಿದ್ದರೂ ದಡಕ್ಕೆ ಬರಲೇಬೇಕು. ಗುರಿ ಯಾಕೆ ಮುಟ್ಟಿಲ್ಲ ಎಂದು ಹೊಳೆಯನ್ನು ಕೇಳಿದ ಮ್ಯಾನೇಜರು ಇನ್ನೂ ಹುಟ್ಟಿಲ್ಲ.

ಹೊಳೆಯ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಸಾಕ್ಷಿ ಇದೆ. ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಉಪ್ಪುನೀರಿನ ಹೆದರಿಕೆ ಇಲ್ಲ, ನೆರೆಯಲ್ಲಿ ಮುಳುಗಿ ನಿಂತರೂ ಸಾಯುವುದಿಲ್ಲ, ಗೊಬ್ಬರ ಔಷಧ ಕೇಳುವುದಿಲ್ಲ. ಮಳೆಗಾಲಕ್ಕೆ ಒಂದು ಬೆಳೆ. ಆಮೇಲೆ ಅದೇ ಗದ್ದೆಗೆ ಉಪ್ಪುನೀರು, ಸಿಗಡಿ, ಮೀನು. ಇಳುವರಿ ಕಡಿಮೆ ಎಂಬುದೊಂದೇ ಅದರ ಮೇಲಿನ ದೂರು. ಸಿಗಡಿಗೆ ಒಳ್ಳೆಯ ರೇಟು ಬಂದ ಮೇಲೆ ಹಲವು ಗಜನಿಗಳಲ್ಲಿ ಭತ್ತಕ್ಕೆ ಜಾಗವೇ ಇಲ್ಲವಾಯಿತು. ಉತ್ಪಾದಕತೆ ಅಂದರೆ ಇದೇ: ವರ್ಷಕ್ಕೆ ಎರಡು ವೇಷ ಕಟ್ಟುತ್ತಿದ್ದ ಗದ್ದೆಗೆ ಒಂದೇ ವೇಷ ಹಾಕಿಸಿ ವರ್ಷವಿಡೀ ಕುಣಿಸುವುದು.

ವೇಷ ಅಂದಾಗ ಆಟದ ನೆನಪಾಯಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ್ದು ನಮ್ಮ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ. ಆಗೆಲ್ಲ ಆಟ ಅಂದರೆ ಇಡೀ ರಾತ್ರಿ. ಗದ್ದೆಯಲ್ಲಿ ಕಂಬಳಿ ಹಾಸಿ ಮಲಗಿ, ರಾಕ್ಷಸನ ಪ್ರವೇಶಕ್ಕೆ ಚಂಡೆ ಗುಡುಗಿದಾಗ ಎದ್ದು ನೋಡಿ, ಮತ್ತೆ ಮಲಗಿದರೂ ಅದು ಆಟ ನೋಡಿದ ಲೆಕ್ಕವೇ. ಮರುದಿನ ಊರಿಗೆ ಊರೇ ನಿದ್ದೆ. ರಜೆ ಚೀಟಿ ಕೊಡುವ ಪ್ರಶ್ನೆಯೇ ಇಲ್ಲ. ಚೀಟಿ ತೆಗೆದುಕೊಳ್ಳಬೇಕಾದ ಸಾಹೇಬರೂ ಪಕ್ಕದ ಕಂಬಳಿಯಲ್ಲೇ ಇದ್ದವರು. ಈಗ ಹೆಚ್ಚಿನ ಕಡೆ ಕಾಲಮಿತಿ ಯಕ್ಷಗಾನ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ನಿದ್ದೆ ಕೆಡಬಾರದು ಎಂದು ಮೂರು ನಾಲ್ಕು ತಾಸಿಗೇ ಮಂಗಳ ಹಾಡುತ್ತಾರೆ. ನೋಡಿದವರು ಮನೆಗೆ ಹೋಗಿ, ಹಾಸಿಗೆಯಲ್ಲಿ ಮಲಗಿ, ಅದೇ ಪ್ರಸಂಗದ ತುಣುಕುಗಳನ್ನು ಮೊಬೈಲಿನಲ್ಲಿ ಎರಡು ಗಂಟೆಯವರೆಗೆ ನೋಡುತ್ತಾರೆ.

ಕೆಲಸ, ಬದುಕಿನ ಸಮತೋಲನದ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿದವರು ಭಟ್ಕಳದವರು. ಆ ಶಾಖೆಯ ಗೆಳೆಯನ ಮಾತು ಕೇಳಿ: "ನಮ್ಮ ಚಿಕ್ಕಪ್ಪನದು ಎಲ್ಲ ಕ್ಲಿಯರು. ಕೆಲಸ ದುಬೈಯಲ್ಲಿ, ಬದುಕು ಭಟ್ಕಳದಲ್ಲಿ. ನಡುವೆ ಅರಬ್ಬೀ ಸಮುದ್ರ ಇಟ್ಟಿದಾರೆ, ಒಂದಕ್ಕೊಂದು ತಾಗೂದೇ ಇಲ್ಲ." ಆ ಚಿಕ್ಕಪ್ಪ ರಜೆಗೆ ಬಂದರೆ ಮಧ್ಯಾಹ್ನ ಒಬ್ಬರ ಮನೆಯ ಬಿರಿಯಾನಿ, ರಾತ್ರಿ ಇನ್ನೊಬ್ಬರ ಮನೆಯದು, ನಡುವೆ ಎರಡು ಮದುವೆ, ಮೂರು ಜಮೀನಿನ ತಕರಾರು. ಹೊಟ್ಟೆ ಹಿಡಿದುಕೊಂಡು ವಿಮಾನ ಹತ್ತುವಾಗ, ಇನ್ನು ಹೋಗಿ ಸ್ವಲ್ಪ ಸುಧಾರಿಸಿಕೊಳ್ಳಬೇಕು ಎನ್ನುತ್ತಾರಂತೆ.

ತರಬೇತಿಯ ಚಕ್ರವನ್ನು ನಾನು ಮನೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದೆ. ಕುಟುಂಬದ ಭಾಗಕ್ಕೆ ಎಂಟು ಅಂಕ ಕೊಟ್ಟುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಎಂಟನ್ನು ಹೊಡೆದು ಹಾಕಿ, ಮಗಳ ಕೆಂಪು ಪೆನ್ಸಿಲಿನಲ್ಲಿ 'ಮೂರು' ಎಂದು ಬರೆದಾಗಿತ್ತು. ಅಕ್ಷರ ಮಾತ್ರ ಮಗಳದ್ದಲ್ಲ. "ನಿನ್ನ ಚಕ್ರವನ್ನೂ ಒಂದು ಬರೆದು ನೋಡು" ಎಂದೆ ಹೆಂಡತಿಗೆ. ಅವಳು ಸೌಟು ತಿರುಗಿಸುತ್ತಲೇ ಹೇಳಿದಳು: "ದಿನಾ ಕಾವಲಿ ಮೇಲೆ ಹದಿನೈದು ಬರೀತೆ. ಒಂದಾದ್ರೂ ನನ್ನ ತಟ್ಟೆಗೆ ಬಿಸಿಬಿಸಿ ಬಂದದ್ದು ನೋಡಿದ್ರಾ?" ನಾನು ಮೂರು ಅಂಕಕ್ಕೆ ಒಪ್ಪಿಕೊಂಡೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ ಇನ್ನೂ ಇಳಿಯುವ ಸಂಭವವಿತ್ತು.

ಹಾಗೆಂದು ನನಗೂ ಸಾಕು ಎನ್ನುವವರು ಒಬ್ಬರು ಇಲ್ಲದಿಲ್ಲ. ಗೇರುಸೊಪ್ಪೆ ರಸ್ತೆಯಿಂದ ಒಳಗೆ, ಎರಡು ಗುಡ್ಡದ ನಡುವಿನ ನಮ್ಮ ಮನೆಗೆ ನೆಟ್‌ವರ್ಕ್ ಬರುವುದಿಲ್ಲ. ಹಿತ್ತಿಲ ಧರೆ ಹತ್ತಿದರೆ ಎರಡು ಕಡ್ಡಿ, ಇನ್ನೂ ಮೇಲೆ ಗೇರುಮರದ ಬುಡಕ್ಕೆ ಹೋದರೆ ಮೂರು. ಮೊದಲೆಲ್ಲ ರಾತ್ರಿ ಉಂಡಮೇಲೆ ಕೊಡೆ, ಟಾರ್ಚು ಹಿಡಿದು ಧರೆ ಹತ್ತಿ, ಮ್ಯಾನೇಜರರ ಅಪ್ಪಣೆಗೆ ಹೆಬ್ಬೆರಳು ಎತ್ತಿ ಇಳಿದು ಬರುತ್ತಿದ್ದೆ. ಈಗ ಬಿಟ್ಟಿದ್ದೇನೆ. ಸಂಜೆ ಏಳರ ನಂತರ ನಾನು ವ್ಯಾಪ್ತಿ ಪ್ರದೇಶದ ಹೊರಗಿರುತ್ತೇನೆ ಎಂದು ಲಿಖಿತವಾಗಿಯೇ ತಿಳಿಸಿದ್ದೇನೆ. ಭೂಗೋಳಕ್ಕೆ ಮೆಮೊ ಕೊಡಲು ಯಾರಿಗೂ ಬರುವುದಿಲ್ಲ. ನಿದ್ದೆ ಸುಧಾರಿಸಿದೆ, ಮಗಳಿಗೆ ಮಗ್ಗಿ ಹೇಳಿಕೊಡುವಷ್ಟು ಸಮಯ ಸಿಗುತ್ತಿದೆ.

ಈಗ ಊರಿಗೊಂದು ಟವರ್ ಬೇಕೆಂದು ಮನವಿ ತಯಾರಾಗಿದೆ. ಸಹಿ ಮಾಡಿಸಿಕೊಳ್ಳುವವರು ದಣಪೆ ದಾಟಿ ನಮ್ಮ ಮನೆಗೂ ಬಂದಿದ್ದರು. "ಸ್ವಲ್ಪ ಯೋಚನೆ ಮಾಡ್ತೆ" ಎಂದು ಹೇಳಿ ಅವರಿಗೆ ಕವಳದ ಹರಿವಾಣ ಮುಂದಿಟ್ಟೆ. ಹಾಳೆ ತಿರುಗಿಸಿ ನೋಡಿದರೆ ಮೊದಲ ಸಹಿ ನನ್ನ ಹೆಂಡತಿಯದು. ಅಂಕೋಲೆಯಲ್ಲಿರುವ ತಾಯಿಯ ಮುಖವನ್ನು ವಿಡಿಯೋದಲ್ಲಿ ನೋಡಬೇಕಾದರೆ ಅವಳು ಮಳೆಯಲ್ಲಿ ಧರೆ ಹತ್ತಬೇಕು. ನಾನು ಹತ್ತುವುದು ಬಿಟ್ಟರೂ ಅವಳು ಬಿಟ್ಟಿರಲಿಲ್ಲ. ಎರಡನೆಯ ಸಾಲನ್ನು ಖಾಲಿ ಬಿಟ್ಟು, ಮೂರರಿಂದ ಉಳಿದವರ ಸಹಿ ಮಾಡಿಸಿದ್ದರು. "ಎರಡನೇದು ನಿಮಗೆ ಇಟ್ಟದ್ದು. ಹಾಕಿ, ಕುಟುಂಬಕ್ಕೆ ಒಂದು ಅಂಕ ಜಾಸ್ತಿ ಮಾಡ್ತೆ" ಎಂದು ಒಳಗಿನಿಂದ ದನಿ ಬಂತು.